ಮುದುಕನ ಪಕ್ಷದವಳು

ಆಡಿದ ಮಾತಿಗೆ ತಪ್ಪಿದವಳು ಎಂದು ಶಿರಸಿಯ ಒಂದು ಟೈರ್ ಅಂಗಡಿಯಲ್ಲಿ ನನಗೆ ಹೆಸರಿದೆ. ಇರಲಿ. ಆ ಹೆಸರು ಹೇಗೆ ಬಂತೆಂದು ಅವರಿವರು ಉಪ್ಪುಖಾರ ಹಚ್ಚಿ ಹೇಳುವುದಕ್ಕಿಂತ ನಾನೇ ಹೇಳಿಬಿಡುವುದು ಒಳ್ಳೆಯದು.

ಆ ಅಂಗಡಿಯ ಗೋಡೆಗೆ ಒತ್ತಿಕೊಂಡೇ ನನ್ನ ಹೊಲಿಗೆ ಅಂಗಡಿ. ವಾರವಿಡೀ ನನ್ನನ್ನು ಕಂಡವರು ಕೇಳುವುದು ಒಂದೇ ಪ್ರಶ್ನೆ: "ಅಕ್ಕಾ, ನನ್ನ ಬ್ಲೌಸ್ ಆತಾ?" ಜ್ವರ ಬಂದು ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ಒಬ್ಬಳು ಮೋಸಂಬಿ ತಂದುಕೊಟ್ಟು ಅದನ್ನೇ ಕೇಳಿದ್ದಳು. ಭಾನುವಾರ ಬೆಳಿಗ್ಗೆ ಮಾತ್ರ ನನ್ನನ್ನು ಯಾರೂ ಹಾಗೆ ಕೇಳುವಂತಿಲ್ಲ. ಅವತ್ತು ನಾನು ಟೈರ್ ಅಂಗಡಿಯ ಬೆಂಚಿನ ಮೇಲೆ ಕೂತು ಬಾಕ್ಸಿಂಗ್ ನೋಡುತ್ತೇನೆ. ಅದೂ ಹೆವಿವೇಟ್ ಮಾತ್ರ. ಸಣ್ಣ ತೂಕದವರ ಚಟಪಟ ನನಗೆ ಹಿಡಿಸುವುದಿಲ್ಲ.

ಈ ಹುಚ್ಚು ಹಿಡಿಸಿದವರು ಸಿದ್ದಾಪುರದ ಕಡೆಯ ಶಾಲೆಯಿಂದ ನಿವೃತ್ತರಾದ ಒಬ್ಬ ಪಿ.ಟಿ. ಮಾಸ್ತರು. ಒಂದು ದಿನ ಹರಿದುಹೋದ ಪಂಚಿಂಗ್ ಬ್ಯಾಗನ್ನು ಹೊತ್ತುಕೊಂಡು ಬಂದು ಹೊಲಿದುಕೊಡು ಎಂದರು. ಕ್ಯಾನ್ವಾಸ್ ದಪ್ಪ, ಸೂಜಿ ಮುರಿಯಿತು. ಬೈದುಕೊಂಡೇ ಹೊಲಿದೆ. ಒಳಗೆ ತುಂಬಲು ನನ್ನ ಅಂಗಡಿಯ ಚಿಂದಿಯನ್ನೇ ಕೊಟ್ಟೆ. ಈಗ ಅದು ಟೈರ್ ಅಂಗಡಿಯ ಹಿಂಬದಿಯಲ್ಲಿ ನೇತಾಡುತ್ತಿದೆ. ಶಿರಸಿಯ ಅರ್ಧ ಹೆಂಗಸರ ರವಿಕೆಯ ಚೂರು ಅದರೊಳಗಿದೆ. ಗಂಡಸರು ಮೀಸೆ ತಿರುವಿ ಅದಕ್ಕೆ ಗುದ್ದುವಾಗ ನನಗೆ ನಗು ತಡೆಯುವುದಿಲ್ಲ. "ಇದಕ್ಕೆ ಗುದ್ದಿ ಎಂತ ಮಾಡ್ತ್ರಿ ಮಾಸ್ತರೇ?" ಎಂದು ಅವತ್ತು ಕೇಳಿದ್ದಕ್ಕೆ ಅವರು ಮೊಬೈಲಿನಲ್ಲಿ ಒಂದು ಹಳೆಯ ಪಂದ್ಯ ತೋರಿಸಿದರು. ಆ ದಿನ ಒಂದು ಬ್ಲೌಸೂ ಮುಗಿಯಲಿಲ್ಲ.

ಬೆಂಚಿನ ಮೇಲೆ ನಾವು ನಾಲ್ವರು. ಮಾಸ್ತರು, ಟೈರ್ ಅಂಗಡಿಯವ, ನಾನು, ಮತ್ತೆ ಬನವಾಸಿ ಕಡೆಯಿಂದ ಶುಂಠಿ ವ್ಯಾಪಾರಕ್ಕೆ ಬರುವ ಸಾವ್ಕಾರರು. ಈ ಸಾವ್ಕಾರರು ಕೆಟ್ಟವರಲ್ಲ. ಆದರೆ ನಾನು ಕೂತ ಮೊದಲ ದಿನ "ಮುಂದಿನ ಕೈಲೆ ಚುಚ್ಚಿದಂಗ ಹೊಡದ್ರ ಅದಕ್ಕ ಜ್ಯಾಬ್ ಅಂತಾರ್ರಿ ಅಕ್ಕಾರ" ಎಂದು ಬಿಡಿಸಿ ಹೇಳಿದವರು, ಎರಡು ವರ್ಷವಾದರೂ ಹಾಗೆಯೇ ಹೇಳುತ್ತಿದ್ದರು. ನಾನು ಯಾರು ಗೆಲ್ಲುತ್ತಾರೆ ಎಂದು ಹೇಳಿದರೆ, ಮಗು ಪದ್ಯ ಹೇಳಿದಂತೆ ತಲೆಯಾಡಿಸಿ ಮಾಸ್ತರ ಕಡೆ ತಿರುಗುತ್ತಿದ್ದರು. ಅದಕ್ಕೆ ನನಗೆ ಮೈ ಉರಿಯುತ್ತಿತ್ತು.

ಹೋದ ವರ್ಷ ದೊಡ್ಡ ಪಂದ್ಯವೊಂದು ನಿಗದಿಯಾಯಿತು. ಚಾಂಪಿಯನ್ ಹರೆಯದವ, ಒಮ್ಮೆಯೂ ಸೋಲದವ, ಕರೆಂಟ್ ಕಂಬದಷ್ಟು ಎತ್ತರ. ಎದುರಾಳಿಗೆ ನಲವತ್ತರ ಹತ್ತಿರ. ಚಾಂಪಿಯನ್ ಬೆಲ್ಟನ್ನು ಎರಡು ಸಲ ಗೆದ್ದು ಎರಡು ಸಲ ಕಳೆದುಕೊಂಡವ, ಹುಬ್ಬಿನ ತುಂಬ ಹೊಲಿಗೆಯ ಗುರುತು. ಬೆಂಚಿನವರು ಅವನಿಗೆ ಮುದುಕ ಎಂದೇ ಹೆಸರಿಟ್ಟರು. ಸರದಿಯಲ್ಲಿ ತಮ್ಮ ಮೆಚ್ಚಿನ ಎಡಗೈ ಬಾಕ್ಸರ್ ಕಾಯುತ್ತಿರುವಾಗ ಈ ಮುದುಕನಿಗೇಕೆ ಅವಕಾಶ ಎಂದು ಸಾವ್ಕಾರರ ತಕರಾರು. ಎಡಗೈಯವ ಓಡುತ್ತಾನೆಯೇ ಹೊರತು ಹೊಡೆಯುವುದಿಲ್ಲ, ಕೊಡುವುದಾದರೆ ಸರದಿಯಲ್ಲೇ ಇದ್ದ ಇನ್ನೊಬ್ಬ, ನೂರಿಪ್ಪತ್ತು ಕಿಲೋದ ದೈತ್ಯನಿಗೆ ಕೊಡಬೇಕಿತ್ತು ಎಂದು ಟೈರ್ ಅಂಗಡಿಯವ. ದೈತ್ಯನ ಗದ್ದ ಗಾಜಿನದು, ಒಂದೇಟಿಗೆ ಬೀಳುತ್ತಾನೆ ಎಂದು ಮಾಸ್ತರು. ಮುದುಕ ಸೋಲುತ್ತಾನೆ ಎನ್ನುವುದರಲ್ಲಿ ಮಾತ್ರ ಮೂವರದೂ ಒಂದೇ ರಾಗ.

"ಮುದುಕನೇ ಗೆಲ್ತ," ಎಂದೆ ನಾನು. "ಚಾಂಪಿಯನ್ ಎಡಗೈ ಬೀಸಿ ಹಿಂದೆ ತಗಳ್ಳಕ್ಕಾದ್ರೆ ಅದು ಸೊಂಟಕ್ಕೆ ಇಳೀತು. ಮುದುಕನ ಬಲಗೈ ಅದರ ಮೇಲಿಂದ ಹೋಗ್ತು. ಒಂಬತ್ತನೇ ರೌಂಡ್."

"ಅಕ್ಕಾ, ನಿಮ್ಗೆ ಎಂತ ಮಳ್ಳಾ?" ಎಂದ ಟೈರ್ ಅಂಗಡಿಯವ.

ಮಾಸ್ತರು ನಕ್ಕು, ಹಾಗಾದರೆ ತಾಳಮದ್ದಳೆಯೇ ಆಗಲಿ ಎಂದರು. ನಮ್ಮ ಕಡೆ ಇದು ಹೊಸದಲ್ಲ. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಒಬ್ಬೊಬ್ಬರು ಒಂದೊಂದು ಪಾತ್ರದ ಪಕ್ಷ ಹಿಡಿದು ಅರ್ಥ ಹೇಳುವುದು, ಅಂದರೆ ವಾದಿಸುವುದು. ಹೆಗಡೆಕಟ್ಟಾದಲ್ಲಿ ನನ್ನ ಅಪ್ಪ ಅರ್ಥ ಹೇಳುತ್ತಿದ್ದ. ಅವನಿಗೆ ಯಾವಾಗಲೂ ಕೊನೆಗೆ ಸಾಯುವ ಪಾತ್ರವೇ ಬರುತ್ತಿತ್ತು. ಟೈರ್ ಅಂಗಡಿಯವ ಸ್ಪ್ಯಾನರ್ ಹಿಡಿದು ಚಕ್ರದ ರಿಮ್ಮಿನ ಮೇಲೆ ತಾಳ ಹಾಕಿದ. ಸಾವ್ಕಾರರು ಚಾಂಪಿಯನ್ ಆದರು.

"ಏ ಮುದುಕಾ," ಎಂದು ಶುರು ಮಾಡಿದರು, "ಮೊಮ್ಮಕ್ಕಳನ್ನ ಆಡಿಸೋ ವಯಸ್ಸಿನ್ಯಾಗ ನನ್ನ ಮುಂದ ಯಾಕ ಬಂದಿ? ಮನಿಗೆ ಹೋಗಿ ಮೂಲ್ಯಾಗ ಕುಂದರು."

ಮೂಲೆ ಎಂಬ ಮಾತು ನನಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಅಪ್ಪನ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತೆ.

"ಅಯ್ಯಾ ಚಾಂಪಿಯನ್, ನೀನು ಒಮ್ಮೆಯೂ ಬಿದ್ದವನಲ್ಲ. ಅದನ್ನೇ ದೊಡ್ಡಸ್ತಿಕೆ ಎಂದು ತಿಳಿದಿದ್ದೀಯೆ. ಬಿದ್ದವನಿಗೆ ನೆಲ ಹೇಗಿರುತ್ತದೆ ಎಂದು ನಿನಗೆ ಗೊತ್ತೇ? ನನಗೆ ಗೊತ್ತು, ಅಲ್ಲಿಂದ ಏಳುವುದೂ ಗೊತ್ತು. ನನ್ನನ್ನು ಮುದುಕ ಎನ್ನುತ್ತೀಯೆ, ಒಪ್ಪಿದೆ. ಮುದುಕನನ್ನು ಹೊಡೆದು ಗೆದ್ದರೆ ನಿನಗೆ ಯಾವ ಕೀರ್ತಿ? ಮುದುಕನಿಂದ ಹೊಡೆಸಿಕೊಂಡರೆ ನಿನ್ನ ಮುಖವನ್ನು ಎಲ್ಲಿಡುತ್ತೀಯೆ? ಎರಡರಲ್ಲಿ ಯಾವುದು ಬೇಕೋ ಹೇಳು, ಅದಕ್ಕೆ ತಕ್ಕಂತೆ ಕೈ ಎತ್ತುತ್ತೇನೆ."

ಸ್ಪ್ಯಾನರ್ ನಿಂತಿತು. "ಅರ್ಥದಲ್ಲಿ ತಂಗಿನೇ ಗೆದ್ದತು," ಎಂದು ಮಾಸ್ತರು ತೀರ್ಪು ಕೊಟ್ಟರು. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಸಾವ್ಕಾರರಿಗೆ ಅದನ್ನು ತಡೆದುಕೊಳ್ಳಲಾಗಲಿಲ್ಲ. "ಮಾತಿನ್ಯಾಗ ಗೆದ್ರ ಏನ್ ಬಂತ್ರಿ? ಪಣ ಹಾಕೂಣು. ನಿಮ್ಮ ಮುದುಕ ಗೆದ್ರ ಇನ್ನ ಮ್ಯಾಲೆ ನೀವ್ ಹೇಳಿದ್ದ ಖರೆ. ಸೋತ್ರ ನೀವು ಈ ಬೆಂಚ್ ಬಿಟ್ಟು ನಿಮ್ಮ ಮಷಿನ್ ಮುಂದ ಕುಂದರ್ರಿ. ಹೂಂ ಅಂತೀರೋ?"

ಸಿಟ್ಟು ಮೂಗಿನ ತುದಿಯಲ್ಲಿತ್ತು. ಹೂಂ ಎಂದೆ.

ಪಂದ್ಯದ ಭಾನುವಾರ ಮೊಬೈಲನ್ನು ಗ್ರೀಸ್ ಡಬ್ಬಿಗೆ ಒರಗಿಸಿ ಕೂತೆವು. ಒಂಬತ್ತನೇ ರೌಂಡ್ ಬರಲೇ ಇಲ್ಲ. ಆರನೆಯದರಲ್ಲಿ ಮುದುಕ ಬಿದ್ದ, ಎದ್ದ. ಮತ್ತೆ ಬಿದ್ದ, ಮತ್ತೂ ಎದ್ದ. ರೆಫರಿ ಅವನ ಕಣ್ಣು ನೋಡಿ ಕೈ ಬೀಸಿ ಪಂದ್ಯ ನಿಲ್ಲಿಸಿದ. ಚಾಂಪಿಯನ್ನನ ಎಡಗೈ ಒಮ್ಮೆಯೂ ಸೊಂಟಕ್ಕೆ ಇಳಿಯಲಿಲ್ಲ. ನನ್ನ ಲೆಕ್ಕ ಪೂರ್ತಿ ತಪ್ಪಿತ್ತು. ಕಣ್ಣಲ್ಲಿ ನೀರು ಬಂತು, ಮುದುಕನಿಗಾಗಿಯೋ ನನಗಾಗಿಯೋ ಗೊತ್ತಾಗಲಿಲ್ಲ. "ಮಾತು ನೆನಪೈತಲ್ರಿ ಅಕ್ಕಾರ?" ಎಂದರು ಸಾವ್ಕಾರರು, ಮೆತ್ತಗೆ. ನಾನು ಸೆರಗು ಕೊಡವಿ ಎದ್ದು ಹೋದೆ.

ಆ ವಾರ ಮಷಿನ್ ಮುಂದೆ ಕೂತು ಅಪ್ಪನನ್ನೇ ನೆನೆಸಿಕೊಂಡೆ. ಬೆಳಗಿನ ಜಾವಕ್ಕೆ ಪ್ರಸಂಗದಲ್ಲಿ ಸತ್ತು, ಎದ್ದು ಚಾ ಕುಡಿದು, ಮುಂದಿನ ವಾರ ಮತ್ತೆ ಅದೇ ಚಾಪೆಯ ಮೇಲೆ ಕೂರುತ್ತಿದ್ದ. ನೀನು ಸತ್ತವ, ಏಕೆ ಬಂದೆ ಎಂದು ಅವನನ್ನು ಯಾರೂ ಕೇಳಲಿಲ್ಲ. ಯೋಚಿಸಿದಷ್ಟೂ ನನ್ನ ಕಾಲು ಮಷಿನ್ನಿನ ಪೆಡಲನ್ನು ಜೋರಾಗಿ ತುಳಿಯಿತು.

ಭಾನುವಾರ ಟೈರ್ ಅಂಗಡಿಗೆ ಹೋದೆ. ನನ್ನ ಜಾಗದಲ್ಲಿ ಸಾವ್ಕಾರರ ಶುಂಠಿಯ ಕೈಚೀಲ ಕೂತಿತ್ತು. "ಮಾತು ಅಂದ್ರ ಮಾತಲ್ಲೇನ್ರಿ?" ಎಂದರು ಅವರು.

"ನಿಮ್ಮ ಎಡಗೈಯವ ಮಳೆಗಾಲದಲ್ಲಿ ಸೋತ. ನೀವು ಬೆಂಚ್ ಬಿಟ್ಟು ಹೋದ್ರಾ? ಜಡ್ಜಿಗೆ ಕಣ್ಣಿಲ್ಲ ಅಂತ ಬೈದು ಇನ್ನೊಂದು ಚಾ ತರಿಸಿದ್ರಿ. ಮಾಸ್ತರು ಹೇಳಿದ್ದು ಎಷ್ಟು ಸಲ ಸುಳ್ಳಾತು? ಎದ್ದು ಹೋದ್ರಾ? ತಪ್ಪು ಹೇಳಿದ್ದಕ್ಕೆ ಜಾಗ ಬಿಡಬೇಕು ಅಂತಾದ್ರೆ ಈ ಬೆಂಚಿನ ಮೇಲೆ ಕೋಳಿ ಮಲಗ್ತಿತ್ತು. ಆ ಕಾಯ್ದೆ ನನಗೊಬ್ಬಳಿಗೆ ಮಾಡಿದ್ರಿ. ಮಾತು ಕೊಟ್ಟದ್ದು ಹೌದು. ನ್ಯಾಯ ಇಲ್ಲದ ಮಾತು, ಮುರಿದೆ. ಊರಿಗೆಲ್ಲ ಹೇಳಿ, ಅಡ್ಡಿಲ್ಲೆ."

ಚೀಲವನ್ನು ಎತ್ತಿ ಅವರ ಮಡಿಲಲ್ಲಿಟ್ಟು ಕೂತೆ. ಮಾಸ್ತರು ಚಾ ಲೋಟ ನೋಡುತ್ತಿದ್ದರು. ಟೈರ್ ಅಂಗಡಿಯವ ಸ್ಪ್ಯಾನರ್ ಹುಡುಕುವ ನೆಪ ಮಾಡಿದ.

"ಮುದುಕ ಮತ್ತೊಂದು ಪಂದ್ಯ ಕೇಳಿದ್ನಡ," ಎಂದೆ. "ಈ ಸಲ ಗೆಲ್ತ."

ಸಾವ್ಕಾರರ ಮುಖ ಕೆಂಪಾಯಿತು. ಆದರೆ ಅವತ್ತು ಅವರು ಮಾಸ್ತರ ಕಡೆ ತಿರುಗಲಿಲ್ಲ. ನೇರ ನನ್ನ ಕಡೆಗೇ ತಿರುಗಿ, ತೊಡೆ ತಟ್ಟಿ ಜಗಳಕ್ಕೆ ಬಂದರು.

"ಅಂವ ಹೆಂಗ ಗೆಲ್ತಾನ್ರಿ? ಅಂವಂದು ಮುಗದ ಹೋತು!"

"ಮುಗದ್ದಿಲ್ಲೆ," ಎಂದೆ.