ನರ್ಸಮ್ಮನ ತಣ್ಣನೆಯ ಹೆಬ್ಬೆರಳು

ನರ್ಸಮ್ಮನ ಹೆಬ್ಬೆರಳು ಯುಗಾದಿಯ ಬಿಸಿಲಲ್ಲೂ ತಣ್ಣಗಿರುತ್ತಿತ್ತು, ಬಾವಿಯ ತಳದಿಂದ ಆಗತಾನೆ ಎತ್ತಿದ ಕಲ್ಲಿನ ಹಾಗೆ. ಅದರಿಂದ ನಮ್ಮ ಕೆಳರೆಪ್ಪೆ ಎಳೆದು, ಮುಖವನ್ನು ಕಿಟಕಿಯ ಕಡೆ ತಿರುಗಿಸಿ, ಮೈಯಲ್ಲಿ ರಕ್ತ ಇದೆಯೋ ಇಲ್ಲವೋ ನೋಡುತ್ತಿದ್ದರು.

ಸೋಮವಾರ ಬಂತೆಂದರೆ ಕಣಕಟ್ಟೆ ಬಸ್ಸಿನಲ್ಲಿ ನಮ್ಮ ಶಾಲೆಗೆ ಹಾಜರು. ಬಿಸಿಯೂಟ ಮುಗಿದ ಮೇಲೆ ಒಬ್ಬೊಬ್ಬರಿಗೂ ಕಬ್ಬಿಣಾಂಶದ ನೀಲಿ ಮಾತ್ರೆ. ನಾನು ಎಂಟನೇ ಕ್ಲಾಸಿಗೆ ಬರುವ ಹೊತ್ತಿಗೆ ಅವರ ಕಣ್ಣಿಗೇ ಪೊರೆ ಬಂದಿತ್ತು; ತೀರಾ ಹತ್ತಿರದ್ದಷ್ಟೇ ಕಾಣುತ್ತಿತ್ತು. ಅದಕ್ಕೇ ಅಡುಗೆಕೋಣೆಯ ಬಾಗಿಲಲ್ಲಿ ನಿಂತು ಹೆಸರು ಕೂಗುವರು; ನಾವು "ನುಂಗ್ದೆ ಅಮ್ಮಾ" ಅನ್ನಬೇಕು. ಮಾತ್ರೆಯನ್ನು ನಾಲಿಗೆಯಡಿ ಬಚ್ಚಿಟ್ಟವನ ದನಿ ಅವರಿಗೆ ತಕ್ಷಣ ಗೊತ್ತಾಗುತ್ತಿತ್ತು. "ಏಯ್, ಗಂಟ್ಲಿಗೆ ಇಳ್ದಿಲ್ಲ ಕಣೋ ಅದು!"

ನನ್ನ ಗಂಟಲು ಮಾತ್ರ ಅವರ ಲೆಕ್ಕಕ್ಕೆ ಸಿಕ್ಕಿರಲಿಲ್ಲ. ಹೆಡ್‌ಮಾಸ್ಟರ ಕೆಮ್ಮಿನಿಂದ ಅಡುಗೆಯಮ್ಮನ ಆಕಳಿಕೆಯವರೆಗೆ ಎಲ್ಲರ ದನಿಯೂ ನನಗೆ ಬರುತ್ತಿತ್ತು; ಬಾರದ್ದು ಪಾಠ ಒಂದೇ. ನಮ್ಮ ಕ್ಲಾಸಿನ ಒಬ್ಬಳಿಗೆ ಆ ಮಾತ್ರೆ ಕಂಡರೆ ಓಕರಿಕೆ. ಮಳೆಗಾಲ ಪೂರ್ತಿ ಅವಳ ದನಿಯಲ್ಲಿ ನಾನೇ "ನುಂಗ್ದೆ" ಅನ್ನುತ್ತಿದ್ದೆ. ಅವಳ ಮಾತ್ರೆ, ನನ್ನ ಮಾತ್ರೆ ಎರಡೂ ಕಿಟಕಿಯಾಚೆ.

ಒಂದು ಸೋಮವಾರ ಅವಳ ಹೆಸರು ಬಂತು. ತಟ್ಟೆ ತೊಳೆಯಲು ಹೋಗಿರಬೇಕು ಅಂದುಕೊಂಡು ಕೂಗಿದೆ: "ನುಂಗ್ದೆ ಅಮ್ಮಾ."

ನರ್ಸಮ್ಮ ಬಾಗಿಲಿಂದ ಪಕ್ಕಕ್ಕೆ ಸರಿದರು. ಅವರ ಬೆನ್ನ ಹಿಂದೆ, ಅಕ್ಕಿ ಮೂಟೆಗೆ ಒರಗಿ ಅವಳು ಕೂತಿದ್ದಳು. ತಲೆ ಸುತ್ತಿ ಬಿದ್ದಿದ್ದಳಂತೆ. ತನ್ನದೇ ದನಿ ಆಚೆಯಿಂದ ಕೇಳಿಸಿ, ಅರೆ ಎಚ್ಚರದಲ್ಲಿ ತನ್ನ ಕುತ್ತಿಗೆಯನ್ನೇ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು.

"ಇವ್ಳು ಬಾಯೇ ಬಿಟ್ಟಿಲ್ಲ," ಅಂದರು ನರ್ಸಮ್ಮ. "ಮಾತಾಡಿದ್ಯಾರು?"

ದನಿ ಬಂದ ದಿಕ್ಕು ಹಿಡಿದು, ಸಾಲುಗಳ ನಡುವೆ ಯಾರಿಗೂ ಎಡವದೆ ನೇರ ನನ್ನ ಹತ್ತಿರ ಬಂದರು. ಹೆಬ್ಬೆರಳು ರೆಪ್ಪೆಯ ಮೇಲೆ ಬಿತ್ತು.

"ಎಲ್ರ ಗಂಟ್ಲೂ ನಿನ್ನತ್ರ ಐತೆ. ನಿನ್ ಮೈಯಲ್ಲಿ ನಿನ್ ರಕ್ತನೇ ಇಲ್ವಲ್ಲೋ."

ಮಾತ್ರೆಯನ್ನು ಎದುರಿಗೇ ನುಂಗಿಸಿದರು. "ಈಗ ಹೇಳು."

ಬಾಯಿ ತೆರೆದೆ. ಬಂದದ್ದು ಅವಳ ದನಿ. ಇನ್ನೊಮ್ಮೆ ನೋಡಿದೆ, ಹೆಡ್‌ಮಾಸ್ಟರದು. ಯಾರೂ ನಗಲಿಲ್ಲ. ನಾನೂ ತಮಾಷೆ ಮಾಡುತ್ತಿರಲಿಲ್ಲ. ನನ್ನದು ಎಲ್ಲಿಟ್ಟಿದ್ದೆನೋ ನೆನಪಾಗುತ್ತಿರಲಿಲ್ಲ.

"ನಿಂದು ಬರೋಗಂಟ ಇಲ್ಲೇ ಇರ್ತೀನಿ. ಬಸ್ ಹೋದ್ರೆ ಹೋಗ್ಲಿ."

ಎರಡು ಗಂಟೆಯ ಬಸ್ಸು ಹಾರ್ನ್ ಹೊಡೆದು ಹೋಯಿತು. ಆಮೇಲೆ ಬಂತು, ಒಡಕಲು ದನಿ. ನನ್ನದು.

ಅಲ್ಲಿಂದಾಚೆ ಪ್ರತಿ ಸೋಮವಾರ ಮೊದಲು ನುಂಗುವವನು ನಾನು. ಆಮೇಲೆ ಅವಳು, ನರ್ಸಮ್ಮ ಸೆರಗಿನಲ್ಲಿ ಕಟ್ಟಿ ತಂದ ಬೆಲ್ಲದ ಚೂರಿನ ಜೊತೆ. ನಮ್ಮಿಬ್ಬರ ರೆಪ್ಪೆ ಕೆಂಪಾಗುವಷ್ಟರಲ್ಲಿ ವರ್ಷ ಕಳೆದಿತ್ತು.

ಹೋದ ತಿಂಗಳು ಹಳೇಬೀಡಿನ ಮಗಳ ಮನೆಯಲ್ಲಿ ನರ್ಸಮ್ಮ ತೀರಿಕೊಂಡರು. ನಾವಿಬ್ಬರೂ ಹೋದೆವು. ಚಾಪೆಯ ಮೇಲಿದ್ದ ಕೈ ಮುಟ್ಟಿದೆ. ಹೆಬ್ಬೆರಳು ಯಾವಾಗಲೂ ಇದ್ದಷ್ಟೇ ತಣ್ಣಗಿತ್ತು, ಒಂದಿಷ್ಟೂ ಹೆಚ್ಚಿಲ್ಲ. ಅದಕ್ಕೇ ಸಾವು ನಂಬಿಕೆಗೆ ಬರಲಿಲ್ಲ. ಬಗ್ಗಿ ಮೆಲ್ಲಗೆ, "ನುಂಗ್ದೆ ಅಮ್ಮಾ" ಅಂದೆ.

"ಯಾರ್ ದನಿಯೋ ಅದು?" ಹಿಂದಿನಿಂದ ಅವಳು ಪಿಸುಗುಟ್ಟಿದಳು.

"ನಂದೇ ಕಣೇ."

ಹೇಳುವಾಗ ನನ್ನ ಕೆಳರೆಪ್ಪೆ ತಣ್ಣಗಾಯಿತು.