ಅತ್ತಿಗೆ ನೋಡಿದ ಕೌಬಾಯ್ ಸಿನಿಮಾ

ಅತ್ತಿಗೆಯ ಬಲಗೈ ತೋರುಬೆರಳು ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಕೊಕ್ಕೆಯಂತೆ ಬಾಗಿತ್ತು. ಅದನ್ನು ಚಾಚಿ ‘ಓಗು’ ಎಂದರೆ ‘ಬಾ’ ಎಂದು ಕರೆದಂತೆ ಕಾಣುತ್ತಿತ್ತು. ಹೊಸಬರು ಗಲಿಬಿಲಿಗೊಂಡರೆ ಅತ್ತಿಗೆಯೇ ಮೊದಲು ನಗುತ್ತಿದ್ದರು.

ಹೊಳೆನರಸೀಪುರದ ಕಡೆಯಿಂದ ಕಟ್ಟಾಯದ ಹತ್ತಿರದ ನಮ್ಮೂರಿಗೆ ಅವರು ಸೊಸೆಯಾಗಿ ಬಂದಾಗ ನಾನು ಕಾಲೇಜು ಮುಗಿಸಿದ್ದೆ. ಅಪ್ಪ ಅಮ್ಮ ಇರಲಿಲ್ಲ. ಅಣ್ಣನಿಗೂ ನನಗೂ ಒಂದು ಹಳೆಯ ಇಂಗ್ಲಿಷ್ ಕೌಬಾಯ್ ಸಿನಿಮಾದ ಹುಚ್ಚು. ಹಾಸನದ ಥಿಯೇಟರಿನಲ್ಲಿ ಮೊದಲು ನೋಡಿದ್ದು, ಆಮೇಲೆ ಸಿ.ಡಿ. ತಂದು ಎಷ್ಟು ಸಲವೋ. ಅಣ್ಣನನ್ನು ಕೊಂದವರನ್ನು ಕುದುರೆಯೇರಿದ ತಮ್ಮ ಹುಡುಕಿ ಹುಡುಕಿ ಕೊಲ್ಲುವ ಕಥೆ. ಮಾತು ಅರ್ಧಂಬರ್ಧ ಅರ್ಥವಾದರೂ ಕೊನೆಯ ಗುಂಡಿಗೆ ಇಬ್ಬರೂ ಶಿಳ್ಳೆ ಹಾಕುತ್ತಿದ್ದೆವು. ಅತ್ತಿಗೆ ಒಮ್ಮೆಯೂ ಕೂತು ನೋಡಿದವರಲ್ಲ.

ಬೋರ್‌ವೆಲ್ ನೀರಿನ ಸರದಿಗಾಗಿ ದೊಡ್ಡಪ್ಪನ ಮಗನ ಜೊತೆ ಜಗಳವಾಯಿತು. ಅತ್ತಿಗೆಯ ಕಣ್ಣೆದುರೇ ಅವನು ಗುದ್ದಲಿ ಬೀಸಿದ. ಅಣ್ಣ ಆಸ್ಪತ್ರೆ ತಲುಪಲಿಲ್ಲ.

ಮೂರು ತಿಂಗಳಿಗೆ ದೊಡ್ಡಪ್ಪನ ಮಗನಿಗೆ ಜಾಮೀನು ಸಿಕ್ಕಿತು. ಮಧ್ಯಾಹ್ನದ ಬಸ್ಸಿಗೆ ಊರಿಗೆ ಬರುತ್ತಾನೆಂದು ತಿಳಿದು ನಾನು ಮಚ್ಚನ್ನು ಗೋಣಿಚೀಲದಲ್ಲಿ ಸುತ್ತಿ ಬೈಕಿಗೆ ಕಟ್ಟಿದೆ. ಅತ್ತಿಗೆ ನೋಡಿದರು. ಬೈಕಿನ ಕೀಲಿ ಕಿತ್ತುಕೊಂಡರು.

“ನಿಮ್ಮಣ್ಣನ ಸಿನಿಮಾ ಆಕು. ನಾನೂ ನೋಡ್ಬೇಕು. ಆಮೇಲ್ ಓಗುವಂತೆ.”

ಬಾಗಿಲಿಗೆ ಅಡ್ಡ ಕೂತು ಪೂರ್ತಿ ನೋಡಿದರು. ಕೊನೆಯ ಗುಂಡು ಹಾರಿತು. ತಮ್ಮ ಒಬ್ಬನೇ ಕುದುರೆಯೇರಿ ಮರಳುಗಾಡಿನ ಕಡೆ ಹೊರಟ.

“ಇವ್ನ ಅತ್ತಿಗೆ ಎಲ್ಲಿ?” ಎಂದರು.

“ಮೊದ್ಲು ಬಂದಿದ್ಳಲ್ಲ, ಬಾಗ್ಲಲ್ಲಿ ನಿಂತಿದ್ಳು.”

“ಒಂದೇ ಒಂದ್ ಸಲ ತೋರ್ಸುದ್ರು. ಇವ್ನು ಇಂಗೆ ಒಂಟೋದ್ನಲ್ಲ, ಆ ಮನೆ ಅಸುಗಳ್ನ ಆಲು ಯಾರ್ ಕರೀತಾರೆ? ಗಂಡನ್ ಕಳ್ಕಂಡೋಳು ಮೈದುನನ್ನೂ ಕಳ್ಕಂಡ್ಳು. ಇದ್ರಲ್ಲಿ ಗೆದ್ದೋರು ಯಾರ್ಲಾ?”

ಹೊರಗೆ ಬಸ್ಸು ಬಂದು ಹೋದ ಸದ್ದು ಕೇಳಿಸಿತು.

“ಸತ್ತೋನು ನನ್ ಗಂಡ. ಸೇಡು ನಂದು ಕಣಪ್ಪ. ನಾನ್ ತೀರಿಸ್ಕತೀನಿ. ನೀನು ಮನೇಲಿರು.”

ಅವರು ತೀರಿಸಿಕೊಂಡ ರೀತಿ ಊರಿಗೇ ಹೊಸದು. ಪ್ರತಿ ವಿಚಾರಣೆಗೂ ಬೆಳಗಿನ ಬಸ್ಸು ಹಿಡಿದು ಹಾಸನದ ಕೋರ್ಟಿಗೆ ಹೋದರು. ಅವನೂ ನಿಮ್ಮ ರಕ್ತವೇ, ರಾಜಿಯಾಗಿ ಎಂದು ಹಿರಿಯರು ಬಂದರೆ ಕಾಫಿ ಕೊಟ್ಟು, “ಗುದ್ಲಿ ಎತ್ತುವಾಗ ಅವ್ನಿಗೆ ರಕ್ತ ಗೊತ್ತಾಗ್ನಿಲ್ವ, ಗೌಡ್ರೇ?” ಎಂದು ಕೇಳಿ ಕಳಿಸುತ್ತಿದ್ದರು. ಕಟಕಟೆಯಲ್ಲಿ ನಿಂತು ಕಂಡದ್ದನ್ನು ಕಂಡ ಹಾಗೆ ಹೇಳಿದರು. ಎದುರು ವಕೀಲರು ಎಷ್ಟು ತಿರುಗಿಸಿ ಕೇಳಿದರೂ ಒಂದು ಮಾತು ಬದಲಾಗಲಿಲ್ಲ. ಅವನಿಗೆ ಜೈಲಾಯಿತು.

ಆ ವಾರ ಅವನ ಹೆಂಡತಿಯ ಆಲೂಗಡ್ಡೆ ಹೊಲ ಬಾಡುತ್ತಿತ್ತು. ಅತ್ತಿಗೆ ನಮ್ಮ ಪೈಪನ್ನು ಅತ್ತ ತಿರುಗಿಸಿದರು. ನಾನು ಕೂಗಾಡಿದೆ.

“ಒಡ್ದೋನು ಒಳಗವ್ನೆ. ಇವ್ಳೇನ್ ಮಾಡಿದ್ಳು?”

ಎರಡು ದಿನ ಅವರೊಡನೆ ಮಾತು ಬಿಟ್ಟೆ. ಮೂರನೆಯ ದಿನ ನಾನೇ ಹೋಗಿ ಆ ಹೊಲಕ್ಕೆ ನೀರು ಬಿಟ್ಟುಬಂದೆ.

ನನಗೆ ಹೆಣ್ಣು ನೋಡಿ ಮದುವೆ ಮಾಡಿಸಿದವರು ಅತ್ತಿಗೆಯೇ. ನನ್ನ ಇಬ್ಬರು ಹೆಣ್ಣುಮಕ್ಕಳು ಅವರ ಮಡಿಲಲ್ಲಿ ಬೆಳೆದರು. ಜೈಲಿನಲ್ಲಿ ಕಳೆದುಹೋಗಬೇಕಿದ್ದ ವರ್ಷಗಳಲ್ಲಿ ನಾನು ಸಂಸಾರ ಮಾಡಿದೆ.

ಕಳೆದ ವರ್ಷ ಅತ್ತಿಗೆ ತೀರಿಕೊಂಡರು. ಚಟ್ಟ ಎತ್ತುವ ಹೊತ್ತಿಗೆ, ಶಿಕ್ಷೆ ಮುಗಿಸಿ ಬಂದಿದ್ದ ದೊಡ್ಡಪ್ಪನ ಮಗ ಬೇಲಿಯಾಚೆ ನಿಂತಿದ್ದ. ತಲೆ ಪೂರ್ತಿ ನರೆತಿತ್ತು.

“ಎಗಲು ಕೊಡ್ಲಾ?” ಎಂದ.

ಅತ್ತಿಗೆಯ ಮುಖ ನೋಡಿದೆ. ಆಮೇಲೆ ಪಕ್ಕಕ್ಕೆ ಸರಿದು ಅವನಿಗೆ ಜಾಗ ಬಿಟ್ಟೆ.