ದೇವಮ್ಮನ ಬಾಯಿ ಸುಟ್ಟ ದಾಲ್ಚಿನ್ನಿ ಎಣ್ಣೆ

೧೯೩೬ರಲ್ಲಿ ನಾನು ಸಿದ್ದಾಪುರದ ಹತ್ತಿರದ ಒಂದು ಕಾಫಿ ಎಸ್ಟೇಟಿನ ಡಿಸ್ಪೆನ್ಸರಿಯಲ್ಲಿ ಕಂಪೌಂಡರ್ ಆಗಿದ್ದೆ. ಡಾಕ್ಟರು ವಿರಾಜಪೇಟೆಯಿಂದ ವಾರಕ್ಕೊಮ್ಮೆ ಬರುತ್ತಿದ್ದರು. ಉಳಿದ ಆರು ದಿನ ನಾನೇ ಡಾಕ್ಟರೆಂಬ ಜಂಬ ನನಗೆ. ಲೈನುಗಳಲ್ಲಿ, ಅಂದರೆ ಕೆಲಸಗಾರರ ಸಾಲುಮನೆಗಳಲ್ಲಿ, ಉರಿಯದ ಮದ್ದನ್ನು ಯಾರೂ ಮದ್ದೆಂದು ನಂಬುತ್ತಿರಲಿಲ್ಲ. ನನ್ನ ಟಿಂಕ್ಚರ್ ಚುರುಗುಟ್ಟಿದರೆ ಒಳ್ಳೆಯ ಕೈಗುಣ ಎನ್ನುತ್ತಿದ್ದರು. ಆ ಹೊಗಳಿಕೆ ತಲೆಗೇರಿತ್ತು.

ಪಿಕಿಂಗ್, ಅಂದರೆ ಕಾಫಿ ಹಣ್ಣು ಕೊಯ್ಯುವ ಕಾಲದ ಒಂದು ಬೆಳಿಗ್ಗೆ ದೇವಮ್ಮ ಹಲ್ಲುನೋವೆಂದು ಬಂದಳು. ಹುಣಸೂರು ಕಡೆಯ ಹೆಂಗಸು, ಕಂಕುಳಲ್ಲಿ ಮೂರು ತಿಂಗಳ ಮಗು. ಲವಂಗದ ಎಣ್ಣೆ ಮುಗಿದಿತ್ತು, ದಾಲ್ಚಿನ್ನಿ ಎಣ್ಣೆಯ ಸೀಸೆ ಇತ್ತು. ಹೊಟ್ಟೆಯುಬ್ಬರದ ಮಿಕ್ಸ್ಚರಿಗೆ ಅದನ್ನು ಒಂದೆರಡು ತೊಟ್ಟು ಸೇರಿಸುತ್ತಿದ್ದೆವು, ಅಷ್ಟೇ. ತೆಳುಮಾಡದೆ ಬಳಸಬಾರದೆಂದು ಸೀಸೆಯ ಚೀಟಿಯಲ್ಲೇ ಬರೆದಿತ್ತು. ನಾನದನ್ನು ಓದಿದ್ದೆ. ಆದರೆ ತೆಳುಮಾಡಿದರೆ ಉರಿಯುವುದಿಲ್ಲ, ಉರಿಯದಿದ್ದರೆ ನನ್ನ ಹೆಸರು ಕೆಡುತ್ತದೆ ಎಂದುಕೊಂಡು ಹತ್ತಿಯನ್ನು ಹಾಗೆಯೇ ಅದ್ದಿ ಹಲ್ಲಿನ ಸಂದಿಗೆ ತುರುಕಿದೆ. ಅವಳ ಕಣ್ಣಲ್ಲಿ ನೀರು ಬಳಬಳನೆ ಇಳಿಯಿತು. ಉಗುಳಬೇಡ, ಸಂಜೆಯವರೆಗೆ ತಡಕೋ ಎಂದೆ. ಪಾಪ, ತಡೆದುಕೊಂಡಳು.

ಮರುದಿನ ಅವಳ ಒಸಡು, ಕೆನ್ನೆಯ ಒಳಭಾಗ ಬೆಳ್ಳಗೆ ಸುಟ್ಟು ಬೊಕ್ಕೆ ಎದ್ದಿತ್ತು. ಗಂಜಿಯೂ ಇಳಿಯಲಿಲ್ಲ. ಮೂರನೆಯ ದಿನಕ್ಕೆ ಎದೆಹಾಲು ಬತ್ತುತ್ತ ಬಂದು ಮಗು ಅತ್ತೂ ಅತ್ತೂ ಸೊರಗಿತು. ಅಂದು ಡಾಕ್ಟರು ಬರುವ ದಿನ. ಬಾಯಿ ನೋಡಿದವರೇ ಇದು ಹೇಗಾಯಿತು ಎಂದು ನನ್ನನ್ನು ಕೇಳಿದರು.

“ಎಲೆಯಡಿಕೆಗೆ ಸುಣ್ಣ ಜಾಸ್ತಿ ಹಾಕ್ಕೊಂಡಿದ್ದಾಳೆ ಸಾರ್,” ಎಂದೆ. ಎಷ್ಟು ಸಲೀಸಾಗಿ ಬಂತು ಆ ಸುಳ್ಳು! ರಿಜಿಸ್ಟರಿನಲ್ಲೂ ಹಾಗೆಯೇ ಬರೆದೆ.

ಡಾಕ್ಟರು ಅವಳನ್ನೇ ಗದರಿಸಿ, ಬಾಯಿಗೆ ಹಚ್ಚಲು ಗ್ಲಿಸರಿನ್ ಕೊಟ್ಟರು. ಜೊತೆಗೆ ಬಂದಿದ್ದ ಅತ್ತೆ, ಬಾಯಿಚಪಲಕ್ಕೆ ಮಗುವನ್ನು ಉಪವಾಸ ಕೆಡವಿದಳೆಂದು ಎಲ್ಲರೆದುರು ಹಂಗಿಸಿದಳು. ದೇವಮ್ಮ ನನ್ನ ಮುಖ ನೋಡಿದಳು. ನಾನು ಸೀಸೆ ಒರೆಸುತ್ತ ನಿಂತೆ. ಥೂ, ನನ್ನ ಜನ್ಮಕ್ಕಿಷ್ಟು!

ಹದಿನೈದು ದಿನಕ್ಕೆ ಬಾಯಿಯ ಹುಣ್ಣು ಮಾಯಿತು, ಮಗುವೂ ಚೇತರಿಸಿಕೊಂಡಿತು. ಒಬ್ಬಳೇ ಸಿಕ್ಕಾಗ ತಪ್ಪು ನನ್ನದೆಂದು ಒಪ್ಪಿಕೊಂಡು, ಡಾಕ್ಟರಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ನಾನು ಎಲೆಯಡಿಕೆ ಹಾಕೋಳೇ ಅಲ್ಲ ಸ್ವಾಮಿ. ಅತ್ತೆಗೂ ಗೊತ್ತಿತ್ತು. ನೀವು ಡಾಕ್ಟ್ರಿಗೆ ಹಂಗೆ ಹೇಳಿ ಬರೆದ ಮೇಲೆ, ಕದ್ದು ಹಾಕ್ತಾಳೆ ಅಂತ ಅವ್ರೇ ನಂಬ್ಕೊಂಡ್ರು. ಇನ್ನು ಡಾಕ್ಟ್ರು ನನ್ನ ಮಾತು ನಂಬ್ತಿದ್ರಾ,” ಎಂದಳು.

ಅಡುಗೆಗೆ, ಕಷಾಯಕ್ಕೆ ಒಂದು ಚೂರು ದಾಲ್ಚಿನ್ನಿ ಹಿತ. ಬಾಯಿರುಚಿಗೂ ಜೀರ್ಣಕ್ಕೂ ಒಳ್ಳೆಯದು. ಅತಿಯಾದರೆ ಚಕ್ಕೆಯೂ ಒಳ್ಳೆಯದಲ್ಲ, ಎಣ್ಣೆಯಂತೂ ತೊಟ್ಟಿನ ಲೆಕ್ಕದ ಮದ್ದು. ಹಿತವಾದದ್ದು ಎಷ್ಟಿದ್ದರೂ ಹಿತವೇ ಎಂದು ಆಮೇಲೆ ಯಾರಿಗೂ ಹೇಳಲಿಲ್ಲ. ಆದರೆ ವೃತ್ತಿ ಕಲಿಸಿದ ದೊಡ್ಡ ಪಾಠ ಬೇರೆ: ಮದ್ದು ಕೊಡುವವನ ಮಾತನ್ನು ಜನ ತಮ್ಮ ಮನೆಯವರ ಮಾತಿಗಿಂತ ಹೆಚ್ಚು ನಂಬುತ್ತಾರೆ. ದೇವಮ್ಮ ಹಾಗೆಂದ ಸಂಜೆಯೇ ರಿಜಿಸ್ಟರಿನಲ್ಲಿ ಸುಣ್ಣವನ್ನು ಹೊಡೆದುಹಾಕಿ ದಾಲ್ಚಿನ್ನಿ ಎಣ್ಣೆ ಎಂದು ಬರೆದು, ಡಾಕ್ಟರು ಬಂದಾಗ ತೋರಿಸಿ ಬೈಸಿಕೊಂಡೆ. ಅತ್ತೆಗೆ ಓದಲು ಬರುತ್ತಿರಲಿಲ್ಲ. ಲೈನಿಗೆ ಹೋಗಿ ಹೇಳುವ ಧೈರ್ಯ ನನಗೆ ಕೊನೆಗೂ ಬರಲಿಲ್ಲ.